ಐದರಲ್ಲಿ ಒಂದು ಪಾಲು

ತೂಕದಣ್ಣನ ನಾಲಿಗೆ ಜಾರಿದ್ದು ಬೆಳಿಗ್ಗೆ ಒಂಬತ್ತೂಕಾಲಿಗೆ, ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಎದುರು.

ಅಂಗಡಿಯಿಂದ ಅಂಗಡಿಗೆ ಹೋಗಿ ತೂಕದ ಯಂತ್ರ ಸರಿಯಿದೆಯೇ ನೋಡುವುದು, ತಪ್ಪಿದ್ದರೆ ತಿದ್ದುವುದು, ಸೀಲು ಒತ್ತಿ ಬರುವುದು ಅವನ ಉದ್ಯೋಗ. ಹಾಗಾಗಿ ಅಕ್ಕಪಕ್ಕದವರಿಗೆ, ಅಂಗಡಿಯವರಿಗೆ, ಕೊನೆಗೆ ಹೆಂಡತಿಯ ತವರಿನವರಿಗೂ ಅವನು ತೂಕದಣ್ಣ. ಇಪ್ಪತ್ತಿಪ್ಪತ್ತು ಕಿಲೋದ ಹತ್ತು ಕಬ್ಬಿಣದ ಬಟ್ಟುಗಳು ಸದಾ ಅವನ ಹಿಂದೆಯೇ ಇರಬೇಕು. ಅವನ್ನು ಹೊರಲು ಕಾರು ಬೇಕು. ಕಾರು ಕೊಡುವಷ್ಟು ಕಂಪನಿಯ ಮನಸ್ಸು ದೊಡ್ಡದಲ್ಲ. ಕಿಲೋಮೀಟರಿಗೆ ಇಷ್ಟು ಎಂದು ಪೆಟ್ರೋಲಿನ ಭತ್ಯೆ ಕೊಟ್ಟು ಕೈ ತೊಳೆದುಕೊಳ್ಳುತ್ತಿತ್ತು.

ಆರು ತಿಂಗಳ ಹಿಂದೆ ತೂಕದಣ್ಣ ತನ್ನ ಹಳೆಯ ಪೆಟ್ರೋಲ್ ಕಾರನ್ನು ಮಾರಿ, ಯಾರೋ ಬಳಸಿ ಬಿಟ್ಟ ಕರೆಂಟಿನ ಕಾರೊಂದನ್ನು ಕೊಂಡಿದ್ದ. ಕಡಿಮೆ ಬಿದ್ದ ಹಣ ಕೊಟ್ಟವಳು ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿದು ತುಳಿದು ಒಂಬತ್ತು ವರ್ಷ ಕೂಡಿಟ್ಟ ಹಣ ಅದು. ಗಾಜಿನ ಬಾಗಿಲಿನ ಒಂದು ಪುಟ್ಟ ಹೊಲಿಗೆ ಅಂಗಡಿ ಹಾಕಬೇಕೆಂಬುದು ಅವಳ ಆಸೆ.

"ನೋಡೇ, ಮನೇಲಿ ಚಾರ್ಜ್ ಮಾಡ್ಕೊಂಡ್ರೆ ಪೆಟ್ರೋಲಿನ ಖರ್ಚಲ್ಲಿ ಐದರಲ್ಲಿ ಒಂದು ಪಾಲು. ಅಲವೆನ್ಸು ಮಾತ್ರ ಪೂರ್ತಿ ಐದು ಪಾಲು ಬರುತ್ತೆ. ಉಳಿದ ನಾಲ್ಕು ಪಾಲು ಪ್ರತಿ ತಿಂಗಳೂ ನಿನ್ನ ಡಬ್ಬಿಗೆ. ಎರಡೇ ವರ್ಷ, ನಿನ್ನ ಅಂಗಡಿ ಬಾಗಿಲು ತೆಗೀತು ಅಂತಿಟ್ಕೋ" ಎಂದು ಅವನು ಮಾತು ಕೊಟ್ಟಿದ್ದ. ಆರು ತಿಂಗಳಿಂದ ನಾಲ್ಕು ಪಾಲು ತಪ್ಪದೆ ಡಬ್ಬಿಗೆ ಬೀಳುತ್ತಿತ್ತು. ಕಂಪನಿಗೆ ಅವನು ಹೇಳಿರಲಿಲ್ಲ. ಕಂಪನಿ ಕೇಳಿಯೂ ಇರಲಿಲ್ಲ.

ಈಗ ದಿನಸಿ ಅಂಗಡಿಯವನು ಸರ್ವಿಸ್ ಬಿಲ್ಲನ್ನು ಬೆಳಕಿಗೆ ಹಿಡಿದು ಸಂಕಟಪಡುತ್ತಿದ್ದ.

"ಇದೇನಣ್ಣ, ಪ್ರಯಾಣದ ವೆಚ್ಚ ಅಂತ ಇಷ್ಟುದ್ದ ಹಾಕಿದೀರಿ? ನೀವು ಪೆಟ್ರೋಲ್ ಕಾರಿಗೆ ಹಾಕ್ತೀರೋ, ಅದರಲ್ಲಿ ಸ್ನಾನ ಮಾಡ್ತೀರೋ?"

ಸುಮ್ಮನಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಮನುಷ್ಯನಿಗೆ ತನ್ನ ಜಾಣತನವನ್ನು ಆರು ತಿಂಗಳು ಮುಚ್ಚಿಟ್ಟುಕೊಳ್ಳುವುದು ಸುಲಭವಲ್ಲ. ಅದು ಹೊಟ್ಟೆಯಲ್ಲಿ ಸೋಡಾ ಇದ್ದ ಹಾಗೆ.

"ಪೆಟ್ರೋಲಾ! ಆ ಕಾಲ ಹೋಯ್ತು ಸ್ವಾಮಿ. ನಂದು ಕರೆಂಟಿನ ಕಾರು. ಸಂಜೆ ಮನೆ ಗೋಡೆಗೆ ಚುಚ್ಚಿದ್ರೆ ಆಯ್ತು. ಐದರಲ್ಲಿ ಒಂದು ಪಾಲೂ ಖರ್ಚಿಲ್ಲ!"

ಅಂಗಡಿಯವನ ಕಣ್ಣು ಭಾರ ಬಿದ್ದ ತಕ್ಕಡಿಯ ಮುಳ್ಳಿನಂತೆ ಸರ್ರನೆ ಬಲಕ್ಕೆ ವಾಲಿತು. ತೂಕದಣ್ಣ ಹತ್ತು ಬಟ್ಟುಗಳನ್ನು ಕಾರಿಗೆ ಏರಿಸುವಷ್ಟರಲ್ಲಿ ಅವನು ಕಂಪನಿಯ ಮ್ಯಾನೇಜರಿಗೆ ಫೋನ್ ಮಾಡಿ ಮುಗಿಸಿದ್ದ.

ಹನ್ನೊಂದಕ್ಕೆ ಮ್ಯಾನೇಜರರ ಫೋನು ಬಂತು. ಮೂವತ್ತು ವರ್ಷ ತಕ್ಕಡಿಗಳ ಜೊತೆ ಬಾಳಿ ಅವರ ದನಿಯೂ ಗ್ರಾಂ ಲೆಕ್ಕದಲ್ಲಿ ಹೊರಬರುತ್ತಿತ್ತು.

"ನಿಮ್ಮ ಕಾರು ಕರೆಂಟಿಂದಂತೆ?"

"ಹೌದು ಸಾರ್. ಅದು... ಪರಿಸರಕ್ಕೆ..."

"ಪರಿಸರಕ್ಕೆ ಸಂತೋಷ. ಖರ್ಚು ಐದರಲ್ಲಿ ಒಂದು ಪಾಲಂತೆ?"

"ಅಯ್ಯೋ ಅದು ಅಂಗಡಿಯವರ ಹತ್ರ ಮಾತಿಗೆ ಹೇಳಿದ್ದು ಸಾರ್. ಹಳೇ ಕಾರು, ಇನ್ನೂರು ಕಿಲೋ ಕಬ್ಬಿಣ. ಮನೇಲಿ ಚಾರ್ಜ್ ಮಾಡಿದ್ರೂ ಪೆಟ್ರೋಲಿನಷ್ಟೇ ಬೀಳುತ್ತೆ."

"ಮಾತು ಬೇಡ. ನಾವು ಅಳೆಯೋ ಜನ. ಸಂಜೆ ಐದೂವರೆಗೆ ನಿಮ್ಮ ಮನೆಗೆ ಬರ್ತೀನಿ. ಅರ್ಧ ಗಂಟೆ ಕಾರು ಚಾರ್ಜಿಗೆ ಹಾಕಿ. ಮೀಟರ್ ಎಷ್ಟು ಓಡುತ್ತೆ, ಕಾರಲ್ಲಿ ಎಷ್ಟು ಕಿಲೋಮೀಟರ್ ಏರುತ್ತೆ, ನಾನೇ ನೋಡ್ತೀನಿ. ಅದನ್ನ ನೋಡಿ ಅಲವೆನ್ಸಿನ ತೀರ್ಮಾನ."

ಉಳಿದ ಹಣ ಸಾಹುಕಾರನ ಜೇಬಿನಲ್ಲಿದ್ದರೆ ಅದರ ಹೆಸರು ಲಾಭ. ಅದೇ ನೌಕರನ ಜೇಬಿನಲ್ಲಿ ಕಂಡರೆ ಎಲ್ಲೋ ಲೆಕ್ಕ ತಪ್ಪಿದೆ ಎಂದು ಅರ್ಥ. ಮ್ಯಾನೇಜರರಿಗೆ ಕಂಪನಿ ಕೊಟ್ಟ ದೊಡ್ಡ ಕಾರು ದಿನಕ್ಕೆಷ್ಟು ಕುಡಿಯುತ್ತದೆಂದು ಇಂದಿನವರೆಗೆ ಯಾರೂ ಅಳತೆ ಹಿಡಿದು ನಿಂತವರಿಲ್ಲ.

ಮಧ್ಯಾಹ್ನ ತೂಕದಣ್ಣ ಕೆಲಸ ಅರ್ಧಕ್ಕೆ ಬಿಟ್ಟು ಮನೆಗೆ ಬಂದು, ಹೊಲಿಗೆ ಯಂತ್ರದ ಮುಂದೆ ಕಳ್ಳನಂತೆ ನಿಂತ. ಹೆಂಡತಿ ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ಒಂದೊಂದೇ ತೆಗೆದು ಬಟ್ಟೆಗೆ ಚುಚ್ಚುತ್ತ ಪೂರ್ತಿ ಕೇಳಿದಳು. ಅವಳು ಚುಚ್ಚುತ್ತಿದ್ದುದು ಬಟ್ಟೆಗೆ ಎನ್ನುವುದು ಅವನ ಪುಣ್ಯ.

"ಆರು ತಿಂಗಳು ಯಾರ ಮುಂದೆಯೂ ಬಾಯಿ ಬಿಡದೆ ಇದ್ದೋರಿಗೆ ಅಕ್ಕಿ ಮೂಟೆ ಮುಂದೆ ಬಾಯಿ ಬಂತಾ?"

"ತಪ್ಪಾಯ್ತು ಕಣೆ. ಅಲವೆನ್ಸು ಐದರಲ್ಲಿ ಒಂದಕ್ಕೆ ಇಳಿಸಿದ್ರೆ ಡಬ್ಬಿಗೆ ಏನೂ ಬೀಳಲ್ಲ. ನಿನ್ನ ಹಣ ಹೋಯ್ತು ಅಂತಲೇ ಲೆಕ್ಕ."

ಅವಳು ಟೇಪನ್ನು ಕೊರಳಿನಿಂದ ತೆಗೆದು ಕೈಗೆ ಸುತ್ತಿಕೊಂಡಳು. ಅವಳು ಯೋಚಿಸುವಾಗ ಹಾಗೆ ಮಾಡುತ್ತಾಳೆ.

"ಮೀಟರ್‌ಗೆ ಕಾರು ಯಾವುದು, ಇಸ್ತ್ರಿ ಪೆಟ್ಟಿಗೆ ಯಾವುದು ಅಂತ ಗೊತ್ತಾಗುತ್ತಾ?"

"ಇಲ್ಲ. ಮೀಟರ್ ಪಾಪ, ಎಲ್ಲಾ ಒಟ್ಟಿಗೆ ಅಳೆಯುತ್ತೆ."

"ಹಾಗಾದ್ರೆ ಸುಲಭ. ಐದರಲ್ಲಿ ಒಂದನ್ನ ಐದು ಮಾಡ್ಬೇಕು. ಅಂದ್ರೆ ಇನ್ನೂ ನಾಲ್ಕು ಕಾರಿನಷ್ಟು ಕರೆಂಟನ್ನ ಅರ್ಧ ಗಂಟೆ ಹಿಂದಿನ ಕೋಣೇಲಿ ಸುಡ್ಬೇಕು, ಅಷ್ಟೇ ತಾನೆ?"

ತೂಕದಣ್ಣ ಕುರ್ಚಿಯಲ್ಲಿ ಕುಸಿದ. "ಇಪ್ಪತ್ತು ವರ್ಷ ಊರಿನ ತಕ್ಕಡಿ ಸರಿ ಮಾಡಿದೀನಿ ಕಣೆ. ಒಂದು ದಿನ ಸುಳ್ಳು ಸೀಲು ಒತ್ತಿಲ್ಲ. ಈಗ ನನ್ನ ಮನೆ ಮೀಟರ್‌ಗೇ ಮೋಸದ ಭಾರ ಹಾಕಲಾ?"

"ಮೋಸ ಯಾರಿಗ್ರೀ? ಆ ಬಿಲ್ಲು ಕಟ್ಟೋರು ನಾವೇ. ನಮ್ಮ ದುಡ್ಡಲ್ಲಿ ನಮಗೇ ಮೋಸ ಮಾಡ್ಕೊಳ್ಳೋಕೂ ಅವರ ಅಪ್ಪಣೆ ಬೇಕಾ?"

ಮೀಟರನ್ನು ನಿಧಾನ ಮಾಡಲು ಹೆಣಗಿದವರನ್ನು ಲೋಕ ಕಂಡಿದೆ. ತನ್ನ ಮೀಟರನ್ನು ತಾನೇ ಓಡಿಸಲು ಹೊರಟವನು ಬಹುಶಃ ತೂಕದಣ್ಣನೊಬ್ಬನೇ.

ಮನೆಯಲ್ಲಿದ್ದುದು ಒಂದು ಇಸ್ತ್ರಿ ಪೆಟ್ಟಿಗೆ, ಒಂದು ನೀರು ಕಾಯಿಸುವ ಕಾಯಿಲ್. ಅವೆರಡೂ ಸೇರಿದರೂ ಒಂದು ಕಾರಿನಷ್ಟು ಕರೆಂಟು ಸುಡದು. ಹೆಂಡತಿ ಚಪ್ಪಲಿ ಮೆಟ್ಟಿ ಮಹಡಿ ಹತ್ತಿದಳು. ಮೇಲಿನ ಮನೆಯಲ್ಲಿ ಮನೆಯ ಒಡತಿ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಎಲ್ಲರ ಬಾಯಲ್ಲೂ ಅವರು ಹೆಡ್‌ಮಿಸ್. ವಿಷಯ ಕೇಳಿದ ಅವರ ಮುಖ ಶಾಲೆಯ ಗಂಟೆ ಬಾರಿಸಿದಂತೆ ಬೆಳಗಿತು. ನಿವೃತ್ತಿಯಾಗಿ ಹನ್ನೊಂದು ವರ್ಷದಿಂದ ಅವರಿಗೆ ಯಾರನ್ನೂ ಸಾಲಾಗಿ ನಿಲ್ಲಿಸುವ ಅವಕಾಶ ಸಿಕ್ಕಿರಲಿಲ್ಲ.

"ನನ್ನ ಬಾಡಿಗೆದಾರನ ಹೊಟ್ಟೆ ಮೇಲೆ ಹೊಡೆಯೋಕೆ ಬರ್ತಾನಾ? ಬರಲಿ! ನನ್ನ ಎರಡು ಹೀಟರ್ ಇದೆ. ಎದುರುಗಡೆ ಪಾರ್ಲರ್ ಅಕ್ಕನ ಹತ್ರ ಕೂದಲು ಒಣಗಿಸೋ ಯಂತ್ರ ನಾಲ್ಕಿದೆ. ಪಕ್ಕದ ಮನೆ ಅಜ್ಜಂಗೆ ಇಸ್ತ್ರಿ ಅಂದ್ರೆ ಪ್ರಾಣ. ಎಲ್ಲರನ್ನೂ ಐದು ಗಂಟೆಗೆ ಹಾಜರು ಮಾಡಿಸ್ತೀನಿ. ನಿನ್ನ ಗಂಡ ಮಾತ್ರ ಬಾಯಿ ಮುಚ್ಕೊಂಡಿರಲಿ."

ಐದು ಗಂಟೆಗೆ ಹಿಂದಿನ ಕೋಣೆ ಮದುವೆ ಮನೆಯ ಅಡಿಗೆ ಕೋಣೆಯಂತಾಯಿತು. ಹೆಡ್‌ಮಿಸ್ ಕರೆದದ್ದು ಇಬ್ಬರನ್ನು, ಬಂದವರು ಹನ್ನೊಂದು ಜನ. ಬಿಟ್ಟಿ ಕರೆಂಟು ಅರ್ಧ ಗಂಟೆ ಹರಿಯುತ್ತದೆಂಬ ಸುದ್ದಿ ಬೀದಿಯಲ್ಲಿ ನೀರಿಗಿಂತ ಬೇಗ ಹರಿದಿತ್ತು. ಪಾರ್ಲರ್ ಅಕ್ಕ ನಾಲ್ಕು ಯಂತ್ರಗಳ ಜೊತೆಗೆ ಒದ್ದೆ ತಲೆಯ ಇಬ್ಬರು ಗಿರಾಕಿಗಳನ್ನೂ ಕರೆತಂದಿದ್ದಳು. "ಸುಮ್ನೆ ಗಾಳಿ ವೇಸ್ಟ್ ಯಾಕೆ ಮಾಡೋದಕ್ಕಾ?" ಎಂಬುದು ಅವಳ ವಾದ. ಪಕ್ಕದ ಮನೆಯ ಅಜ್ಜ ತನ್ನದೊಂದು ಇಸ್ತ್ರಿ ಪೆಟ್ಟಿಗೆ, ಮಗಳದೊಂದು, ಮೂರು ದಿಂಬಿನ ಚೀಲದ ತುಂಬ ಬಟ್ಟೆ ಹೊತ್ತು ಬಂದಿದ್ದ. ಅವನಿಗೆ ಕಿವಿ ಮಂದ. ಉದ್ದೇಶ ಎಷ್ಟು ಕೇಳಿಸಿತ್ತೋ, ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಯಾರೋ ಕೇಕಿನ ಹಿಟ್ಟಿನ ಸಮೇತ ಓವನ್ ತಂದಿದ್ದರು.

"ಇಷ್ಟೊಂದು ಬೇಡಮ್ಮಾ, ನಾಲ್ಕು ಕಾರಿನಷ್ಟು ಸಾಕು" ಎಂದು ತೂಕದಣ್ಣ ಗೋಗರೆದ.

"ಕಡಿಮೆ ಆದ್ರೆ ನಿನ್ನ ಅಲವೆನ್ಸು ಹೋಗುತ್ತೆ. ಜಾಸ್ತಿ ಆದ್ರೆ ಏನು ಗಂಟು ಹೋಗುತ್ತೆ?" ಎಂದು ಹೆಡ್‌ಮಿಸ್ ಅವನ ಬಾಯಿ ಮುಚ್ಚಿಸಿ, ಅಡಿಕೋಲನ್ನು ಎತ್ತಿ ಹಿಡಿದರು. "ಎಲ್ರೂ ಕೇಳಿ. ತೂಕದಣ್ಣ ಹೊರಗಡೆ ಒಂದ್ಸಲ ಕೆಮ್ಮಿದ್ರೆ ನಾನು ಕೋಲು ಇಳಿಸ್ತೀನಿ, ಎಲ್ರೂ ಸ್ವಿಚ್ ಹಾಕ್ಬೇಕು. ಇನ್ನೊಂದ್ಸಲ ಕೆಮ್ಮಿದ್ರೆ ಎಲ್ರೂ ಆರಿಸ್ಬೇಕು. ಮಧ್ಯೆ ಮಾತು, ನಗು, ಸೀನು ಯಾವುದೂ ಕೂಡದು."

"ನನ್ನ ಗಿರಾಕಿಗೆ ಶೀತ ಇದೆ ಮಿಸ್" ಎಂದಳು ಪಾರ್ಲರ್ ಅಕ್ಕ.

"ಹಾಗಾದ್ರೆ ಮೂಗು ಹಿಡ್ಕೊಳ್ಳಲಿ."

ಸರಿಯಾಗಿ ಐದೂವರೆಗೆ ಮ್ಯಾನೇಜರರ ಕಾರು ಬಂದು ನಿಂತಿತು. ಒಳಗಿನ ತಂಪು ಹೋಗಬಾರದೆಂದು ಡ್ರೈವರು ಎಂಜಿನ್ ಆರಿಸಲಿಲ್ಲ. ಮ್ಯಾನೇಜರ್ ಇಳಿದು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಮೆಟ್ಟಿಲ ಕೆಳಗಿನ ಮೀಟರಿನ ಮುಂದೆ ನಿಂತರು. ಕೈಯಲ್ಲಿ ಗಡಿಯಾರ, ಜೇಬಿನಲ್ಲಿ ಲೆಕ್ಕದ ಯಂತ್ರ.

"ಮೊದಲು ಸೊನ್ನೆ ನೋಡೋಣ. ಬರಿ ತಟ್ಟೆ ಸರಿಯಿಲ್ದೆ ಮೇಲೆ ಏನಿಟ್ಟರೂ ಸುಳ್ಳು. ಕಾರು ಹಾಕ್ಬೇಡಿ. ಮನೇಲಿ ಎಲ್ಲಾ ಆರಿಸಿದೀರಾ?"

"ಎಲ್ಲಾ ಆರಿದೆ ಸಾರ್." ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಮೀಟರಿನ ಕೆಂಪು ದೀಪ ನಿದ್ದೆ ಮಾಡುತ್ತಿತ್ತು. ಮ್ಯಾನೇಜರ್ ತೃಪ್ತಿಯಿಂದ ತಲೆದೂಗಿದರು. "ಹಾಕಿ ಈಗ."

ತೂಕದಣ್ಣ ಕಾರಿನ ತಂತಿಯನ್ನು ಗೋಡೆಗೆ ಚುಚ್ಚಿ, ಕೆಮ್ಮಿದ. ಬಾಳಿನಲ್ಲಿ ಮೊದಲ ಸಲ ಸುಳ್ಳು ಕೆಮ್ಮುತ್ತಿದ್ದುದರಿಂದ ಅದು ಅರ್ಧ ಕೆಮ್ಮು, ಅರ್ಧ ಅಳುವಿನಂತೆ ಹೊರಬಂತು.

ಒಳಗೆ ಕೋಲು ಇಳಿಯಿತು.

ಕೆಂಪು ದೀಪ ಬೆಚ್ಚಿಬಿದ್ದು ಕಣ್ಣು ತೆರೆಯಿತು. ಆಮೇಲೆ ಅದು ಮಿಣುಕಿದ್ದಲ್ಲ, ನಡುಗಿತು. ಅಂಕೆಗಳು ಬೆನ್ನಟ್ಟಿಸಿಕೊಂಡ ಕೋಳಿಗಳಂತೆ ಓಡತೊಡಗಿದವು. ಮೆಟ್ಟಿಲ ಗೋಡೆಯ ಹಿಂದೆ ತಂತಿಗಳು ಸಣ್ಣಗೆ ಮುಲುಗಿದವು.

"ಅಬ್ಬಬ್ಬಾ!" ಎಂದರು ಮ್ಯಾನೇಜರ್. "ಏನ್ರೀ ಇದು, ಕಾರೋ ಕಾರ್ಖಾನೆಯೋ?"

"ದಿನಾ ಹೀಗೇ ಸಾರ್" ಎಂದ ತೂಕದಣ್ಣ, ನೆಲ ನೋಡುತ್ತ.

ಐದು ನಿಮಿಷಕ್ಕೆ ಮ್ಯಾನೇಜರ್ ಕಿವಿ ನಿಮಿರಿಸಿದರು. "ಅದೇನು ಹೂಂಗುಡುವ ಸದ್ದು?"

"ಚಾರ್ಜರ್ ಫ್ಯಾನು ಸಾರ್. ಹಳೇದು."

ಹತ್ತು ನಿಮಿಷಕ್ಕೆ ಮೂಗು ಅರಳಿಸಿದರು. "ಏನೋ ಬಿಸಿ ಬಟ್ಟೆ ವಾಸನೆ?"

"ಸೀಟಿನ ಕವರು ಸಾರ್. ಬ್ಯಾಟರಿ ಕಾಯುತ್ತಲ್ಲ."

"ಜೊತೆಗೆ ಕೇಕಿನ ವಾಸನೆ."

ಹೆಂಡತಿ ನೀರಿನ ಲೋಟ ಹಿಡಿದು ಬಂದವಳು, "ನಿಮಗೇ ಅಂತ ಗ್ಯಾಸಲ್ಲಿ ಮಾಡ್ತಿದೀನಿ ಸಾರ್, ಕರೆಂಟು ಮುಟ್ಟೋ ಹಾಗಿಲ್ವಲ್ಲ" ಎಂದಳು. ಅವಳ ಹಣೆಯಿಂದ ಬೆವರು ಹರಿಯುತ್ತಿತ್ತು. ಹಿಂದಿನ ಕೋಣೆ ಅಷ್ಟು ಹೊತ್ತಿಗೆ ಇಟ್ಟಿಗೆ ಗೂಡಾಗಿತ್ತು.

ಮ್ಯಾನೇಜರ್ ಅವಳ ಬೆವರನ್ನೇ ನೋಡಿದರು. ಅವರ ಮುಖದಲ್ಲಿ ಏನೋ ಸಡಿಲವಾಯಿತು. ತೂಕದಣ್ಣ ಅದನ್ನು ಗೆಲುವಿನ ಗುರುತೆಂದುಕೊಂಡ.

ಅರ್ಧ ಗಂಟೆ ಮುಗಿಯಿತು. "ತೆಗೀರಿ ಕಾರನ್ನ. ಕೊನೇಲಿ ಇನ್ನೊಂದ್ಸಲ ಸೊನ್ನೆ ನೋಡೋಣ" ಎಂದರು ಮ್ಯಾನೇಜರ್.

ತೂಕದಣ್ಣ ತಂತಿ ಎಳೆದು ಗಟ್ಟಿಯಾಗಿ ಕೆಮ್ಮಿದ. ಕೋಲು ಇಳಿಯಿತು. ಹತ್ತು ಕೈಗಳು ಹತ್ತು ಸ್ವಿಚ್ಚು ಆರಿಸಿದವು. ಹನ್ನೊಂದನೆಯವನಾದ ಅಜ್ಜ ಕೋಲಿಗೆ ಬೆನ್ನು ಹಾಕಿ, ಒಂದು ಪ್ಯಾಂಟಿನ ಗೆರೆಯನ್ನು ಲೋಕವನ್ನೇ ಮರೆತು ತೀಡುತ್ತಿದ್ದ.

ಹೊರಗೆ ಕೆಂಪು ದೀಪ ಮಿಣುಕುತ್ತಲೇ ಇತ್ತು.

"ಕಾರು ತೆಗೆದ ಮೇಲೂ ಓಡ್ತಾ ಇದೆಯಲ್ಲ?" ಮ್ಯಾನೇಜರರ ಕನ್ನಡಕ ಮೀಟರಿಗೆ ತಾಗುವಷ್ಟು ಬಾಗಿತು.

ತೂಕದಣ್ಣ ಮತ್ತೆ ಕೆಮ್ಮಿದ. ಮತ್ತೂ ಕೆಮ್ಮಿದ. ಒಳಗೆ ಮೂರನೆಯ ಕೆಮ್ಮಿಗೆ ಏನು ಮಾಡಬೇಕೆಂದು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಒದ್ದೆ ತಲೆಯವಳೊಬ್ಬಳು ಗಾಬರಿಯಲ್ಲಿ ಸ್ವಿಚ್ಚಿಗೆ ಕೈ ಹಾಕಿದಳು, ಹೆಡ್‌ಮಿಸ್ ಅವಳ ಬೆರಳಿಗೆ ಕೋಲಿನ ಏಟು ಕೊಟ್ಟರು. ಅಷ್ಟರಲ್ಲಿ ತೂಕದಣ್ಣನ ಹೆಂಡತಿ ಒಳಗೆ ಓಡಿ, ಅಜ್ಜನ ಇಸ್ತ್ರಿಯ ತಂತಿಯನ್ನೇ ಕಿತ್ತಳು.

ದೀಪ ನಿಂತಿತು.

"ಕೆಲವು ಸಲ ತಂತಿಯಲ್ಲಿ ಉಳಿದಿದ್ದು ನಿಧಾನವಾಗಿ ಇಳಿಯುತ್ತೆ ಸಾರ್" ಎಂದ ತೂಕದಣ್ಣ. ಇಪ್ಪತ್ತು ವರ್ಷದ ಅವನ ವೃತ್ತಿಜೀವನದಲ್ಲಿ ಇದಕ್ಕಿಂತ ಹುಚ್ಚು ಮಾತನ್ನು ಯಾವ ಅಂಗಡಿಯವನೂ ಅವನಿಗೆ ಹೇಳಿರಲಿಲ್ಲ.

ಮ್ಯಾನೇಜರ್ ಕಾರಿನೊಳಗೆ ಬಾಗಿ ಎಷ್ಟು ಕಿಲೋಮೀಟರ್ ಏರಿದೆಯೆಂದು ನೋಡಿದರು. ಲೆಕ್ಕದ ಯಂತ್ರ ಒತ್ತಿದರು. ಒಮ್ಮೆ ಅಳಿಸಿ ಮತ್ತೆ ಒತ್ತಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ನೀವು ಸುಳ್ಳು ಹೇಳಿದ್ರಿ" ಎಂದರು ಅವರು.

ಬಾಗಿಲ ಸಂದಿಯಲ್ಲಿ ಹನ್ನೊಂದು ಜನ ಉಸಿರು ಹಿಡಿದರು.

"ಪೆಟ್ರೋಲಿನಷ್ಟೇ ಬೀಳುತ್ತೆ ಅಂದ್ರಿ. ಪೆಟ್ರೋಲಿನ ಒಂದೂವರೆ ಪಟ್ಟು ಬೀಳ್ತಾ ಇದೆ! ಕೊಡೋ ಅಲವೆನ್ಸಿನ ಮೇಲೆ ಕೈಯಿಂದ ಹಾಕ್ಕೊಂಡು ಕಂಪನಿ ಕೆಲಸ ಮಾಡಿದೀರಿ. ಆರು ತಿಂಗಳು! ಒಂದು ಮಾತು ದೂರು ಹೇಳಿಲ್ಲ." ಅವರ ದನಿ ಗ್ರಾಂ ಲೆಕ್ಕ ಬಿಟ್ಟು ಕಿಲೋಗೆ ಏರಿತ್ತು. "ನಿಮ್ಮ ಮನೆಯವರ ಬೆವರು ನೋಡಿದೆ ನಾನು. ಕರೆಂಟು ಉಳಿಸೋಕೆ ಆಯಮ್ಮ ಒಂದು ಫ್ಯಾನೂ ಹಾಕ್ಕೊಂಡಿಲ್ಲ."

"ಪರವಾಗಿಲ್ಲ ಸಾರ್" ಎಂದ ತೂಕದಣ್ಣ, ಗೆದ್ದವನ ವಿನಯದಲ್ಲಿ. "ಇರೋ ಅಲವೆನ್ಸು ಹಾಗೇ ಮುಂದುವರಿದ್ರೆ ನಾನು ಹೇಗೋ ತೂಗಿಸ್ಕೋತೀನಿ."

"ಸಾಧ್ಯವೇ ಇಲ್ಲ! ಇನ್ನು ಒಂದು ದಿನಾನೂ ಈ ಅನ್ಯಾಯ ನಾನು ನೋಡಲ್ಲ. ನಾಳೆಯಿಂದ ಈ ಕಾರು ಮನೇಲೇ ನಿಲ್ಲಲಿ. ಗೋಡೌನಿನ ವ್ಯಾನು ಹೇಗೂ ಈ ಕಡೆ ಬರುತ್ತೆ, ಬೆಳಿಗ್ಗೆ ಏಳಕ್ಕೆ ನಿಮ್ಮನ್ನೂ ಬಟ್ಟುಗಳನ್ನೂ ಹತ್ತಿಸ್ಕೊಳ್ಳುತ್ತೆ. ನಿಮಗೆ ಒಂದು ಪೈಸೆ ಖರ್ಚಿಲ್ಲ."

ತೂಕದಣ್ಣನಿಗೆ ನಿಂತ ನೆಲ ಒಂದು ಬದಿಗೆ ವಾಲಿದಂತಾಯಿತು. "ಅಂದ್ರೆ... ಅಲವೆನ್ಸು ಸಾರ್?"

"ಕಾರೇ ಓಡಲ್ಲ ಅಂದ್ಮೇಲೆ ಅಲವೆನ್ಸು ಎಲ್ಲಿಂದ ಬರುತ್ತೆ? ಆ ತಲೆನೋವೇ ನಿಮಗಿನ್ನು ಇಲ್ಲ."

"ಸಾರ್, ಅಷ್ಟೇನೂ ನಷ್ಟ ಇಲ್ಲ ಸಾರ್. ಇವತ್ತು ಏನೋ ಸ್ವಲ್ಪ ಜಾಸ್ತಿ ತಗೊಂಡಿರ್ಬೇಕು. ನಾಳೆ ಇನ್ನೊಂದ್ಸಲ ಅಳೆದು ನೋಡಿದ್ರೆ..."

"ನೋಡಿ, ಇದೇ ನಿಮ್ಮ ದೊಡ್ಡ ಗುಣ, ಇದೇ ನಿಮ್ಮ ತಪ್ಪು." ಮ್ಯಾನೇಜರ್ ಅವನ ಭುಜ ತಟ್ಟಿದರು. "ಅಳೆದಿದ್ದಾಯ್ತು. ಮೀಟರ್ ಸುಳ್ಳು ಹೇಳುತ್ತಾ?"

ಇಪ್ಪತ್ತು ವರ್ಷ ಅಂಗಡಿಯವರನ್ನು ತೂಕದಣ್ಣ ತಾನೇ ಕೇಳುತ್ತ ಬಂದ ಪ್ರಶ್ನೆ ಅದು. ನಿಜ ಹೇಳಿದರೆ ಕೆಲಸವೇ ಹೋಗುತ್ತದೆ. ಕೊನೆಗೆ ಹುಣ್ಣನ್ನು ಕೆದಕಿಕೊಳ್ಳುವವನಂತೆ ಕೇಳಿದ:

"ಒಂದ್ವೇಳೆ ಖರ್ಚು ಕಡಿಮೆ ಅಂತ ಬಂದಿದ್ರೆ ಏನು ಮಾಡೋರಿದ್ರಿ ಸಾರ್?"

"ಅದನ್ನ ಕೇಳ್ಬೇಡಿ, ನಾಚಿಕೆ ಆಗುತ್ತೆ. ನಿಮ್ಮ ಅಲವೆನ್ಸನ್ನ ಅರ್ಧಕ್ಕೆ ಇಳಿಸಿ ಅಂತ ಹೆಡ್ ಆಫೀಸಿನವರು ಹೇಳಿದ್ರು. ಅರ್ಧಕ್ಕೆ! ನಿಮ್ಮಂಥವರಿಗೆ! ಪುಣ್ಯಕ್ಕೆ ನಾನೇ ಬಂದು ನೋಡಿದೆ."

ಅರ್ಧ ಗಂಟೆ ಎಂಜಿನ್ ಆರಿಸದೆ ಕಾದಿದ್ದ ದೊಡ್ಡ ಕಾರು ಅವರನ್ನು ಹತ್ತಿಸಿಕೊಂಡು ತಂಪಾಗಿ ಹೊರಟುಹೋಯಿತು.

ಹೆಂಡತಿ ಮೆಟ್ಟಿಲ ಮೇಲೆ ಕುಳಿತು ಬೆರಳು ಮಡಿಸತೊಡಗಿದಳು. "ಅರ್ಧ ಅಂದ್ರೆ ಎರಡೂವರೆ ಪಾಲು. ಅದರಲ್ಲಿ ಕರೆಂಟಿಗೆ ಒಂದು ಪಾಲು. ಉಳೀತು ಒಂದೂವರೆ..." ಸ್ವಲ್ಪ ಹೊತ್ತು ತುಟಿ ಮಾತ್ರ ಅಲುಗಿತು. "ರೀ, ನಿಜ ತೋರಿಸಿದ್ರೂ ಡಬ್ಬೀಲಿರೋದು ಸೇರಿ ಇನ್ನು ನಾಲ್ಕು ವರ್ಷಕ್ಕೆ ಅಂಗಡಿ ಆಗ್ತಿತ್ತು."

ಅವನು ಅವಳ ಪಕ್ಕ ಕುಳಿತ. ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ. ಸೆರಗಿನ ತುದಿಯಿಂದ ತನ್ನ ಹಣೆಯ ಬೆವರು ಒರೆಸಿಕೊಂಡು, ಅದೇ ತುದಿಯಿಂದ ಅವನದನ್ನೂ ಒರೆಸಿದಳು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಒದ್ದೆ ತಲೆಗಳು ಅಲೆಅಲೆಯಾಗಿ ಒಣಗಿ ಹೊರಬಂದವು. ಕೇಕು ಚೆನ್ನಾಗಿ ಉಬ್ಬಿತ್ತು. ವಿಷಯ ಕೇಳಿಸಿಕೊಂಡ ಹೆಡ್‌ಮಿಸ್ ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಮಹಡಿ ಹತ್ತಿದರು.

ಕೊನೆಯಲ್ಲಿ ಬಂದವನು ಅಜ್ಜ. ಗರಿಗರಿಯಾದ ಬಟ್ಟೆಯ ರಾಶಿ ಗದ್ದದವರೆಗೆ ಮುಟ್ಟಿತ್ತು. ಅವನು ತೂಕದಣ್ಣನ ಮುಂದೆ ನಿಂತು, ಕಿವಿ ಮಂದವಾದವರು ಮಾತಾಡುವ ದೊಡ್ಡ ದನಿಯಲ್ಲಿ, ಬೀದಿಗೆಲ್ಲ ಕೇಳುವಂತೆ ಹೇಳಿದ:

"ಬಹಳ ಉಪಕಾರ ಆಯ್ತಪ್ಪಾ. ಆ ಒಂದು ಪ್ಯಾಂಟು ಮಾತ್ರ ಅರ್ಧಕ್ಕೇ ನಿಂತೋಯ್ತು. ನಿಮ್ಮ ಸಾಹೇಬ್ರು ಮತ್ತೆ ಯಾವತ್ತು ಬರ್ತಾರೆ?"